ಮಾರೀಚನ ಗಂಟಲು

ಯಕ್ಷಗಾನಕ್ಕೆ ರಾಕ್ಷಸರ ಬರವಿಲ್ಲ. ತೋಳ್ಬಲವನ್ನೇ ನೆಚ್ಚಿದ ರಾಕ್ಷಸನನ್ನು ರಂಗಸ್ಥಳಕ್ಕೆ ತರುವುದು ಹೇಗೆಂಬುದು ಅದಕ್ಕೆ ಕರತಲಾಮಲಕ. ನಡುರಾತ್ರಿ ಕಳೆದ ಮೇಲೆ ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಾಣುತ್ತದೆ, ದೊಂದಿಗೆ ರಾಳ ಬಿದ್ದು ಬೆಂಕಿ ಭುಗಿಲೇಳುತ್ತದೆ, ಆರ್ಭಟಕ್ಕೆ ತೂಕಡಿಸುತ್ತಿದ್ದ ಮಕ್ಕಳು ಎದ್ದು ಕೂರುತ್ತಾರೆ. ಕುಂಭಕರ್ಣನಿಗೂ ಹಿರಣ್ಯಾಕ್ಷನಿಗೂ ಇಷ್ಟು ಸಾಕು. ಅವರು ಕಂಡ ಹಾಗೇ ಇರುವವರು. ಈ ಕಲೆಯನ್ನು ಇಕ್ಕಟ್ಟಿಗೆ ಸಿಲುಕಿಸುವವರು ಬೇರೆ. ಸುಂದರಿಯಾಗಿ ಬರುವ ಶೂರ್ಪನಖಿ, ಹಾಲೂಡಿಸಲು ಬರುವ ಪೂತನಿ, ಸನ್ಯಾಸಿಯಾಗಿ ಬರುವ ರಾವಣ, ಜಿಂಕೆಯಾಗಿ ಓಡುವ ಮಾರೀಚ. ಇವರ ಶಕ್ತಿಯೆಲ್ಲ ಇರುವುದು ಕಂಡ ಹಾಗೆ ಇರದಿರುವುದರಲ್ಲಿ. ವೇಷವೇ ಜೀವಾಳವಾದ ಕಲೆಯಲ್ಲಿ, ತಾನೇ ವೇಷ ಹಾಕುವ ಪಾತ್ರಕ್ಕೆ ಯಾವ ವೇಷ ಹಾಕಬೇಕು? ಎರಡು ರೂಪಗಳ ನಡುವೆ ಅವನ ಸ್ವಂತದ್ದೆನ್ನುವುದು ಎಲ್ಲಿ ಉಳಿಯುತ್ತದೆ?

ಈ ಪ್ರಶ್ನೆಗೆ ನಮ್ಮ ಪರಂಪರೆ ಎರಡು ಉತ್ತರ ಕೊಟ್ಟಿದೆ. ಆಟ ಕೊಟ್ಟದ್ದು ಒಂದು, ತಾಳಮದ್ದಳೆ ಕೊಟ್ಟದ್ದು ಇನ್ನೊಂದು. ಎರಡೂ ಜನ ಮೆಚ್ಚಿದವು, ಎರಡರ ಬೆನ್ನಿಗೂ ದೊಡ್ಡ ಕಲಾವಿದರ ಸಾಧನೆಯಿದೆ. ಆದರೂ ಎರಡೂ ಪ್ರಶ್ನೆಯನ್ನು ಅರ್ಧದಾರಿಯಲ್ಲಿ ಕೈಬಿಡುತ್ತವೆ ಎಂಬುದು ನನ್ನ ವಾದ. ಉಳಿದರ್ಧಕ್ಕೆ ಬೇಕಾದ ಸಾಮಗ್ರಿ ಪ್ರಸಂಗಗಳ ಹಿಂದಿರುವ ಕಥೆಯಲ್ಲೇ ಇದೆ. ಕನ್ನಡದ ಹಳೆಯ ಕಾವ್ಯವೊಂದು ಆ ದಾರಿಯಲ್ಲಿ ಬಹುದೂರ ನಡೆದೂ ಇದೆ.

ಒಬ್ಬ ರಾಕ್ಷಸಿ, ಇಬ್ಬರು ಕಲಾವಿದರು

ತೆಂಕುತಿಟ್ಟಿನ ಬಣ್ಣದ ವೇಷ ಕನ್ನಡ ರಂಗಭೂಮಿಯ ದೊಡ್ಡ ಸೃಷ್ಟಿಗಳಲ್ಲೊಂದು. ಅಕ್ಕಿಹಿಟ್ಟು ಮತ್ತು ಸುಣ್ಣದ ಹದವಾದ ಮಿಶ್ರಣವನ್ನು ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತ ಚುಟ್ಟಿ ಕಟ್ಟುವ ಕೆಲಸಕ್ಕೆ ಗಂಟೆಗಟ್ಟಲೆ ಬೇಕು. ರಾತ್ರಿ ಕಳೆದು ರಂಗಕ್ಕೆ ಬರುವವನು ಚೌಕಿಯಲ್ಲಿ ಎಷ್ಟೋ ಮೊದಲೇ ಕನ್ನಡಿಯ ಮುಂದೆ ಕೂತಿರುತ್ತಾನೆ. ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂಬ ಒಳವಿಂಗಡಣೆ ನೋಡಿದರೇ ಈ ಶಾಸ್ತ್ರದ ಸೂಕ್ಷ್ಮ ತಿಳಿಯುತ್ತದೆ. ಹೀಗೆ ಕಟ್ಟಿದ ಮುಖವನ್ನು ಎರಡು ಪದ್ಯಗಳ ನಡುವೆ ಅಳಿಸಿ ಇನ್ನೊಂದು ಮುಖ ಬರೆಯುವಂತಿಲ್ಲ. ಆದ್ದರಿಂದ ಪಂಚವಟಿ ಪ್ರಸಂಗದಲ್ಲಿ ಇಬ್ಬರು ಶೂರ್ಪನಖಿಯರು. ಘೋರ ಶೂರ್ಪನಖಿ ಹೆಣ್ಣುಬಣ್ಣದವನದು. ಮಾಯಾ ಶೂರ್ಪನಖಿ ಸ್ತ್ರೀವೇಷದವನದು. ಮೊದಲನೆಯವನು ರಾಮನನ್ನು ಕಂಡು ಮೋಹಗೊಂಡು ತೆರೆಮರೆಗೆ ಸರಿಯುತ್ತಾನೆ, ಎರಡನೆಯವನು ಬಳುಕುತ್ತ ಬರುತ್ತಾನೆ. ಲಕ್ಷ್ಮಣನ ಕತ್ತಿ ಬಿದ್ದ ಮೇಲೆ ಮತ್ತೆ ಮೊದಲನೆಯವನು. ಪೂತನಿಗೂ ಇದೇ ಏರ್ಪಾಡು.

ಅನುಕೂಲಕ್ಕಾಗಿ ಹುಟ್ಟಿದ ಈ ಏರ್ಪಾಡು ಅರ್ಥವನ್ನೂ ಹುಟ್ಟಿಸಿದೆ. ಎರಡು ದೇಹ, ಎರಡು ನಡಿಗೆ, ಎರಡು ದನಿ. ಇವೆರಡೂ ಒಬ್ಬಳದೇ ಎಂದು ಹೇಳುವುದು ಭಾಗವತರ ಪದ್ಯ ಮಾತ್ರ. ಪ್ರೇಕ್ಷಕ ಅದನ್ನು ನಂಬುತ್ತಾನೆ, ಕಾಣುವುದಿಲ್ಲ. ಇದರಿಂದ ಲಾಭವೂ ಉಂಟು. ಘೋರ ಶೂರ್ಪನಖಿಯ ಒಡ್ಡೋಲಗದಲ್ಲಿ ಹೆಣ್ಣುಬಣ್ಣದ ಕಲಾವಿದ ಸಿಂಗಾರದ ಅಭಿನಯ ಮಾಡುವಾಗ, ವಿಕಾರವೆಂದು ನಾವು ಅಂದುಕೊಂಡ ಆ ಮೈಗೂ ಒಂದು ಆಸೆ, ತನ್ನ ಬಗೆಗೊಂದು ಮೆಚ್ಚುಗೆ ಇದೆ ಎಂದು ಗೊತ್ತಾಗುತ್ತದೆ. ರಾಮನನ್ನು ಬಯಸಿದವಳು ಇವಳು. ಮಾಯಾ ಶೂರ್ಪನಖಿ ಆ ಬಯಕೆಯ ರಾಯಭಾರಿ ಅಷ್ಟೆ. ನಷ್ಟ ಇನ್ನೂ ದೊಡ್ಡದು. ಬಯಸಿದವಳೂ ಆಡಿದವಳೂ ಬೇರೆಯಾದ ಕೂಡಲೇ, ಒಂದು ರೂಪದಿಂದ ಇನ್ನೊಂದಕ್ಕೆ ದಾಟುವಾಗ ಅವಳಿಗೇನಾಯಿತು ಎಂಬ ಪ್ರಶ್ನೆಗೆ ರಂಗದಲ್ಲಿ ಜಾಗವೇ ಇಲ್ಲದಾಯಿತು. ಆ ದಾಟುವಿಕೆ ತೆರೆಯ ಹಿಂದೆ ನಡೆಯುತ್ತದೆ. ಅಲ್ಲಿ ನಡೆಯುವುದಾದರೂ ಏನು? ಒಬ್ಬ ಕಲಾವಿದ ಕೂತು ಬೆವರು ಒರೆಸಿಕೊಳ್ಳುತ್ತಾನೆ, ಇನ್ನೊಬ್ಬ ಎದ್ದು ಹೊರಡುತ್ತಾನೆ.

ವಾಲ್ಮೀಕಿಯ ಕಡೆ ನೋಡಿದರೆ ಈ ನಷ್ಟ ಇನ್ನೂ ಸ್ಪಷ್ಟ. ಅಲ್ಲಿನ ಶೂರ್ಪನಖಿ ವೇಷ ಹಾಕಿಕೊಂಡು ಬಂದಳೆಂದು ಕವಿ ಹೇಳುವುದಿಲ್ಲ. ರಾಮನ ಚೆಲುವಿಗೂ ಅವಳ ವಿಕಾರಕ್ಕೂ ಇರುವ ಅಂತರವನ್ನು ಸಾಲುಸಾಲಾಗಿ ಜೋಡಿಸಿಡುತ್ತಾನೆ. ಯಾರು ನೀನೆಂದು ರಾಮ ಕೇಳಿದಾಗ ಅವಳು ತನ್ನ ಹೆಸರು, ಕುಲ, ಅಣ್ಣಂದಿರ ಹೆಸರು ಎಲ್ಲವನ್ನೂ ಮರೆಮಾಚದೆ ಹೇಳುತ್ತಾಳೆ. ಬೇಕಾದ ರೂಪ ತಾಳಬಲ್ಲೆನೆಂಬುದನ್ನೂ ಅವಳೇ ಹೇಳುತ್ತಾಳೆ. ರೂಪ ಬದಲಿಸುವ ಶಕ್ತಿಯಿದ್ದೂ ಬದಲಿಸದೆ ಎದುರು ನಿಂತ ರಾಕ್ಷಸಿ ಅವಳು. ಅವಳಿಗೆ ಸುಂದರಿಯ ವೇಷ ತೊಡಿಸಿದ್ದು ಮುಂದಿನ ಕವಿಗಳು. ತಮಿಳಿನ ಕಂಬನಲ್ಲಿ ಆ ವೇಷಕ್ಕೆ ಅದ್ಭುತ ಸೊಗಸಿದೆ. ಪಾರ್ತಿಸುಬ್ಬನ ಹೆಸರಿನಲ್ಲಿ ನಿಂತಿರುವ ಪಂಚವಟಿ ಈ ನಂತರದ ದಾರಿಯದು. ನಿಜ ಹೇಳಿದವಳು ಸುಳ್ಳಾಡುವವಳಾದಳು, ಶಿಕ್ಷೆಗೆ ನ್ಯಾಯದ ಹೊದಿಕೆ ಸಿಕ್ಕಿತು.

ಇಲ್ಲೊಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಬೇಕಾದ ರೂಪ ತಾಳಬಲ್ಲವಳು ಮೂಗು ಹೋದ ಮೇಲೆ ಮೂಗಿರುವ ಇನ್ನೊಂದು ರೂಪವನ್ನು ಏಕೆ ತಾಳಲಿಲ್ಲ? ರಕ್ತ ಸುರಿಸುತ್ತಲೇ ಖರನ ಬಳಿಗೆ ಓಡಿದಳು, ಮುಂದೆ ಅದೇ ಮುಖದಲ್ಲಿ ರಾವಣನ ಸಭೆಗೂ ಹೋದಳು. ದೂರು ಕೊಡಲು ಸಾಕ್ಷಿ ಬೇಕಿತ್ತು ಎನ್ನುವುದು ಜಾಣ ಉತ್ತರ. ಕಥೆಯೊಳಗಿನ ತರ್ಕ ಅದಕ್ಕಿಂತ ಆಳವಾದದ್ದೆಂದು ನನಗೆ ಅನಿಸುತ್ತದೆ. ಚರ್ಮ, ಕಣ್ಣು, ವಯಸ್ಸು ಎಲ್ಲವನ್ನೂ ಮಾಯೆ ಬದಲಿಸಬಲ್ಲದು, ಗಾಯವನ್ನು ಬದಲಿಸಲಾರದು. ಮೂಗು ಕೊಯ್ಯಿಸಿಕೊಂಡ ಗಳಿಗೆಯಿಂದ ಶೂರ್ಪನಖಿಗೆ ಒಂದು ಸ್ಥಿರವಾದ ಗುರುತು ಬಂತು, ಅದೂ ಬೇರೆಯವರು ಕೊಟ್ಟದ್ದು. ಎಲ್ಲ ರೂಪಗಳನ್ನೂ ದಾಟಿ ಉಳಿಯುವುದು ಯಾವುದೋ ಅದೇ ಅವಳದ್ದು. ಮಾಯಾರಾಕ್ಷಸರನ್ನು ಓದಲು ಇದು ಒಳ್ಳೆಯ ಕೀಲಿಕೈ. ಮಾರೀಚನ ಬೀಗಕ್ಕೂ ಇದೇ ಹೊಂದುತ್ತದೆ.

ಮಾರೀಚನ ರೂಪಗಳ ಲೆಕ್ಕ

ಮಾರೀಚನನ್ನು ನಾವು ಚಿನ್ನದ ಜಿಂಕೆಯೆಂದು ಮಾತ್ರ ನೆನಪಿಡುತ್ತೇವೆ. ವಾಲ್ಮೀಕಿಯಲ್ಲಿ ಬಿಡಿಬಿಡಿಯಾಗಿ ಸಿಗುವ ಅವನ ಚರಿತ್ರೆಯನ್ನು ಒಂದೆಡೆ ಕೂಡಿಸಿದರೆ ಬೇರೆಯೇ ಮನುಷ್ಯ ಎದ್ದು ಕೂರುತ್ತಾನೆ. ಬಾಲಕಾಂಡದಲ್ಲಿ ವಿಶ್ವಾಮಿತ್ರ ಹೇಳುವಂತೆ ಅವನ ತಾಯಿ ತಾಟಕಿ ಹುಟ್ಟಿನಿಂದ ರಾಕ್ಷಸಿಯಲ್ಲ, ಸುಕೇತುವೆಂಬ ಯಕ್ಷನ ಮಗಳು. ಗಂಡ ಸುಂದ ಅಗಸ್ತ್ಯನಿಂದ ಸತ್ತ. ಸಿಟ್ಟಿನಿಂದ ತಾಯಿ ಮಗ ಇಬ್ಬರೂ ಋಷಿಯ ಮೇಲೆ ಏರಿಹೋದರು. ರಾಕ್ಷಸರಾಗಿರೆಂದು ಅಗಸ್ತ್ಯ ಶಪಿಸಿದ. ಎಂದರೆ ಮಾರೀಚನ ರಾಕ್ಷಸತನವೇ ಅವನ ಮೇಲೆ ಬಂದು ಕೂತ ಮೊದಲ ವೇಷ. ಅಪ್ಪನ ಸಾವಿಗೆ ಸೇಡು ತೀರಿಸಹೋದ ಹುಡುಗನಿಗೆ ಸಿಕ್ಕ ಶಿಕ್ಷೆ ಅದು.

ಮುಂದೆ ವಿಶ್ವಾಮಿತ್ರನ ಯಾಗ ಕೆಡಿಸಲು ಹೋದಾಗ ರಾಮನ ಮಾನವಾಸ್ತ್ರ ತಗುಲಿ ನೂರು ಯೋಜನ ದೂರದ ಕಡಲಿಗೆ ಬೀಳುತ್ತಾನೆ. ಜೊತೆಗಿದ್ದ ಸುಬಾಹು ಸತ್ತ, ಇವನು ಉಳಿದ. ಬಳಿಕ ದಂಡಕಾರಣ್ಯದಲ್ಲಿ ಇನ್ನಿಬ್ಬರ ಜೊತೆ ಮೃಗರೂಪ ತಾಳಿ ತಿರುಗಾಡುತ್ತಾನೆ. ತಪಸ್ವಿಯ ಉಡುಗೆಯಲ್ಲಿದ್ದ ರಾಮನನ್ನು ಕಂಡು, ಈಗ ಇವನು ಬರಿಯ ತಾಪಸಿ ಎಂದು ತಿಳಿದು ಹಳೆಯ ಹಗೆಯಿಂದ ನುಗ್ಗುತ್ತಾನೆ. ಮೂರು ಬಾಣಗಳು ಹೊರಡುತ್ತವೆ, ಇಬ್ಬರು ಸಾಯುತ್ತಾರೆ, ಇವನು ಮತ್ತೆ ಉಳಿಯುತ್ತಾನೆ. ಇಲ್ಲಿಂದ ಮುಂದೆ ಮಾರೀಚ ತಪಸ್ವಿ. ನಾರುಬಟ್ಟೆ, ಜಟೆ, ಮಿತಾಹಾರ. ರಾವಣನಿಗೆ ಅವನು ಹೇಳಿಕೊಳ್ಳುವ ಕಥೆಯ ಎದೆ ನಡುಗಿಸುವ ಭಾಗ ಇಲ್ಲಿದೆ. ಕಾಡಿನ ಮರಮರದಲ್ಲೂ ಅವನಿಗೆ ಬಿಲ್ಲು ಹಿಡಿದ ರಾಮ ಕಾಣುತ್ತಾನೆ. ರಾಮನಿಲ್ಲದ ಕಡೆಯಲ್ಲೂ ರಾಮನೇ, ಕನಸಿನಲ್ಲೂ ರಾಮನೇ. ರತ್ನ, ರಥ ಎಂದು ‘ರ’ಕಾರದಿಂದ ಯಾರಾದರೂ ಮಾತು ಶುರುಮಾಡಿದರೂ ಅವನಿಗೆ ಭಯ ಹುಟ್ಟುತ್ತದೆ.

ಇದು ಭಕ್ತನ ಅನುಭವವೇ, ಬಾಣ ತಗುಲಿ ಬದುಕಿದವನ ಅನುಭವವೇ? ಕವಿಯ ಮಾತಿನಲ್ಲಿ ಎರಡನೆಯದಕ್ಕೇ ಆಧಾರ. ಯಕ್ಷ, ರಾಕ್ಷಸ, ಮೃಗ, ತಪಸ್ವಿ ಎಂದು ಅವನು ದಾಟಿದ ರೂಪಗಳಲ್ಲಿ, ಕಡಲಿಗೆ ಬಿದ್ದ ದಿನದಿಂದ ಆಚೆಗೆ ಅವನ ಜೊತೆ ಬಂದದ್ದು ಈ ಭಯವೊಂದೇ. ಶೂರ್ಪನಖಿಗೆ ಗಾಯ ಹೇಗೋ ಮಾರೀಚನಿಗೆ ಭಯ ಹಾಗೆ.

ಕೊನೆಯ ರೂಪಕ್ಕೆ ಬರೋಣ. ಬೇಡವೆಂದು ರಾವಣನಿಗೆ ಎಷ್ಟು ಹೇಳಿದರೂ ಅವನು ಕೇಳಲಿಲ್ಲ; ಒಪ್ಪದಿದ್ದರೆ ಕೊಲ್ಲುವೆನೆಂದ. ಮಾರೀಚ ಚಿನ್ನದ ಜಿಂಕೆಯಾದ. ನೋಡಿದೊಡನೆ ಲಕ್ಷ್ಮಣ ಇದು ಮಾರೀಚನೇ ಎಂದು ಗುರುತಿಸಿದ. ಬಾಣ ನಾಟಿದಾಗ ಜಿಂಕೆಯ ಮೈ ಕಳಚಿತು, ಭಾರಿ ರಾಕ್ಷಸದೇಹ ನೆಲಕ್ಕೆ ಬಿತ್ತು. ಸಾಯುವ ಆ ಗಳಿಗೆಯಲ್ಲಿ ರಾವಣನ ಅಪ್ಪಣೆಯನ್ನು ನೆನೆದು, ರಾಮನ ದನಿಯನ್ನೇ ಹೋಲುವ ದನಿಯಲ್ಲಿ ಸೀತೆಯನ್ನೂ ಲಕ್ಷ್ಮಣನನ್ನೂ ಕೂಗಿದ. ರಾಮಾಯಣದಲ್ಲಿ ಇಷ್ಟು ಭೀಕರವಾದ ಸಾವು ಇನ್ನೊಂದನ್ನು ನಾನು ಕಾಣೆ. ಮೈ ತನ್ನದಾಗಿದೆ, ಗಂಟಲು ಬೇರೆಯವನದು. ಆ ಮೈಯಾದರೂ ಅವನದೇ? ಅದು ಅಗಸ್ತ್ಯನ ಶಾಪ ಕೊಟ್ಟದ್ದು. ಹುಟ್ಟಿದಾಗಿನ ಯಕ್ಷರೂಪ ಸಾವಿನಲ್ಲೂ ಮರಳಲಿಲ್ಲ. ಯಾರ ಹೆಸರಿನ ಮೊದಲಕ್ಷರ ಕೇಳಿದರೆ ನಡುಗುತ್ತಿದ್ದನೋ ಅವನದೇ ದನಿಯಲ್ಲಿ ಮಾರೀಚ ಕೊನೆಯುಸಿರೆಳೆದ.

ತಾಳಮದ್ದಳೆಯ ಉಪಕಾರ

ಆಟದಲ್ಲಿ ಮಾರೀಚನದು ಕಿರಿಯ ಪಾತ್ರ. ಅದರ ಚಂದವನ್ನೆಲ್ಲ ಮಾಯಾಜಿಂಕೆಯ ಕುಣಿತವೇ ದೋಚಿಕೊಳ್ಳುತ್ತದೆ. ಆ ಜಿಂಕೆಯೂ ಸಾಮಾನ್ಯವಾಗಿ ಬೇರೊಬ್ಬ ಎಳೆಯ ಕಲಾವಿದನ ಪಾಲು. ಅವನಿಗೊಂದು ಒಳಗು ಸಿಕ್ಕಿದ್ದು ತಾಳಮದ್ದಳೆಯಲ್ಲಿ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅಂಗಿ ಪಂಚೆಯಲ್ಲಿ ಕೂತ ಅರ್ಥಧಾರಿ ಆ ಪದ್ಯಕ್ಕೆ ಆಶುವಾಗಿ ಮಾತು ಕಟ್ಟುತ್ತಾನೆ. ಇವತ್ತು ರಾವಣನಾದವನು ನಾಳೆ ರಾಮನಾಗುತ್ತಾನೆ. ರೂಪ ಬದಲಿಸುವವನ ಕಥೆಗೆ ಇದಕ್ಕಿಂತ ತಕ್ಕ ಮಾಧ್ಯಮ ಎಲ್ಲಿ ಸಿಕ್ಕೀತು? ರೂಪವನ್ನೇ ಕೈಬಿಟ್ಟ ಕಲೆ ಇದು; ರೂಪದಡಿಯಲ್ಲಿ ಇರುವುದೇನೆಂದು ಕೇಳಲು ಇದಕ್ಕೆ ಅಡ್ಡಿಯಿಲ್ಲ.

20ನೆಯ ಶತಮಾನದ ದೊಡ್ಡ ಅರ್ಥಧಾರಿಗಳು ಈ ಅವಕಾಶವನ್ನು ಬಳಸಿಕೊಂಡರು. ಶೇಣಿ ಗೋಪಾಲಕೃಷ್ಣ ಭಟ್ಟರ ರಾವಣ, ವಾಲಿ, ಮಾಗಧರು ಪುರಾಣದ ಖಳರೆಂಬ ಹಣೆಪಟ್ಟಿಯನ್ನು ಕಳಚಿ ತಮ್ಮ ಪಕ್ಷವನ್ನು ತಾವೇ ವಾದಿಸಿದರು. ದೇರಾಜೆ ಸೀತಾರಾಮಯ್ಯನವರ ಮಾತಿನಲ್ಲಿ ಪಾತ್ರದ ಮನಸ್ಸಿಗೆ ಮೊದಲ ಮಣೆ. ಮಲ್ಪೆ ಶಂಕರನಾರಾಯಣ ಸಾಮಗರು ಪುರಾಣದ ಪಾಂಡಿತ್ಯವನ್ನೂ ಭಾವವನ್ನೂ ಬೆಸೆದರು. ಅಡಿಕೆ ತೋಟದ ಅಂಗಳಗಳಲ್ಲಿ, ದೇವಸ್ಥಾನದ ಚಾವಡಿಗಳಲ್ಲಿ ಕೂತ ಕೇಳುಗರು ರಾಕ್ಷಸನ ಮಾತಿಗೆ ತಲೆದೂಗುವ ಪರಿಸ್ಥಿತಿಯನ್ನು ಇವರು ಹುಟ್ಟಿಸಿದರು. ಖಳನಿಗೂ ಒಂದು ನ್ಯಾಯವಿದೆ ಎಂಬ ಮಾತು ವಿಮರ್ಶೆಯ ಪುಸ್ತಕಗಳಿಂದ ಕರಾವಳಿಯ ಹಳ್ಳಿಗಳಿಗೆ ಬರಬೇಕಾಗಿರಲಿಲ್ಲ. ತಾಳಮದ್ದಳೆಯ ಕೂಟಗಳಲ್ಲಿ ಅದು ಮೊದಲೇ ಇತ್ತು. ಈ ಉಪಕಾರವನ್ನು ಮರೆತು ಮುಂದಿನ ಮಾತನ್ನು ಹೇಳುವಂತಿಲ್ಲ.

ಮುಂದಿನ ಮಾತು ಇದು. ರಾಕ್ಷಸ ತಾನು ಯಾರೆಂದು ಹುಡುಕಲು ಹೊರಟಾಗಲೆಲ್ಲ ನಮ್ಮ ಅರ್ಥಗಾರಿಕೆ ಅವನ ಕೈಗೆ ಹೊಲಿದಿಟ್ಟ ಅಂಗಿಯೊಂದನ್ನು ಕೊಡುತ್ತದೆ. ಆ ಅಂಗಿಯ ಹೆಸರು ಭಕ್ತಿ. ಇದರ ಅಳತೆ ತೆಗೆದದ್ದು ಜಯವಿಜಯರ ಕಥೆಯಲ್ಲಿ. ವೈಕುಂಠದ ಬಾಗಿಲು ಕಾಯುವವರು ಶಾಪದಿಂದ ಕೆಳಗೆ ಬಿದ್ದು ಹಿರಣ್ಯಾಕ್ಷ–ಹಿರಣ್ಯಕಶಿಪುಗಳಾಗಿ, ರಾವಣ–ಕುಂಭಕರ್ಣರಾಗಿ, ಶಿಶುಪಾಲ–ದಂತವಕ್ತ್ರರಾಗಿ ಮೂರು ಜನ್ಮ ಹಗೆತನದಿಂದಲೇ ಹರಿಯನ್ನು ಸ್ಮರಿಸಿ ಮರಳಿದರು. ಕಥೆಯಾಗಿ ಇದು ಸುಂದರ. ಎಲ್ಲ ಖಳರಿಗೂ ಇದನ್ನೇ ತೊಡಿಸಿದರೆ ಹುಡುಕಾಟವೇ ಮುಗಿಯುತ್ತದೆ. ತಾನು ಯಾರೆಂಬ ಪ್ರಶ್ನೆಗೆ ಉತ್ತರ ಪೀಠಿಕೆಯಲ್ಲೇ ಸಿದ್ಧವಾಗಿರುತ್ತದೆ. ಮಾರೀಚನೂ ಈ ಸಾಲಿಗೆ ಸೇರಿದ. ವಾಲ್ಮೀಕಿಯ ಮಾರೀಚ ರಾವಣನ ಕೈಯಲ್ಲಿ ಸಾಯುವುದಕ್ಕಿಂತ ರಾಮನ ಕೈಯಲ್ಲಿ ಸಾಯುವುದೇ ಲೇಸೆಂದುಕೊಂಡದ್ದು ಎರಡು ಸಾವುಗಳ ನಡುವೆ ಸಿಕ್ಕಿಬಿದ್ದವನ ಹತಾಶೆಯಿಂದ. ಭಕ್ತಿಯ ರಾಮಾಯಣಗಳಲ್ಲಿ ಅದೇ ಮಾತು ಮೋಕ್ಷದ ಆಸೆಯಾಯಿತು. ಅರ್ಥಧಾರಿಗಳು ಈ ಎರಡನೆಯದನ್ನು ಹಿಡಿದರು. ಕೇಳುಗರಿಗೆ ಕಣ್ಣು ತೇವವಾಗುತ್ತದೆ, ಕೂಟ ಗೆಲ್ಲುತ್ತದೆ.

ಪಾತ್ರ ಮಾತ್ರ ಸೋಲುತ್ತದೆ, ಮೂರು ಕಡೆಯಲ್ಲಿ. ಮೊದಲನೆಯದಾಗಿ, ಭಯ ಹೋಯಿತು. ಮರಮರದಲ್ಲಿ ರಾಮನನ್ನು ಕಂಡು ನಡುಗಿದವನು ಮರಮರದಲ್ಲಿ ರಾಮನನ್ನು ಕಂಡು ಪುಳಕಗೊಳ್ಳುವವನಾದ. ಅವನ ಎಲ್ಲ ರೂಪಗಳನ್ನೂ ಪೋಣಿಸಿದ್ದ ದಾರವೇ ಕಡಿಯಿತು. ಎರಡನೆಯದಾಗಿ, ಹೊಣೆ ಹೋಯಿತು. ಎಲ್ಲವೂ ಅವತಾರದ ಉದ್ದೇಶಕ್ಕಾಗಿ ನಡೆಯುವುದಾದರೆ ಸೀತೆಯ ಅಪಹಾರಕ್ಕೆ ನೆರವಾದದ್ದು ಸೇವೆಯೇ ಆಯಿತು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಆ ಕೊನೆಯ ಕೂಗಿಗೆ ಅರ್ಥವೇ ಇಲ್ಲದಾಯಿತು. ರಾಮನ ಬಾಣದಿಂದ ಪಾವನನಾದ ಭಕ್ತ, ಪ್ರಾಣ ಹೋಗುವ ಹೊತ್ತಿಗೆ, ಅದೇ ರಾಮನ ಹೆಂಡತಿಯನ್ನು ಕಳ್ಳನ ಕೈಗೆ ಒಪ್ಪಿಸುವಂಥ ಕೂಗು ಕೂಗುತ್ತಾನೆಯೇ? ಬಹುಮಟ್ಟಿಗೆ ಕೂಟಗಳಲ್ಲಿ ಮಾರೀಚನ ಅರ್ಥ ರಾವಣನ ಜೊತೆಗಿನ ಸಂವಾದದೊಡನೆ ಮುಗಿಯುತ್ತದೆ. ಸಾವು ಭಾಗವತರ ಪದ್ಯದಲ್ಲಿ ತೇಲಿಹೋಗುತ್ತದೆ. ಅರ್ಥಧಾರಿ ಆ ಹೊತ್ತಿಗೆ ತನ್ನ ಭಾಗ ಮುಗಿಸಿ ಹಿಂದೆ ಸರಿದಿರುತ್ತಾನೆ. ಭಕ್ತಿಯ ಮಾರೀಚ ಅಷ್ಟು ಚೆನ್ನಾಗಿ ನಿಲ್ಲುವುದು ಅವನ ಸಾವನ್ನು ಅವನಿಂದ ಆಡಿಸದೆ ಇರುವುದರಿಂದ.

ದೇವರು ವೇಷ ಹಾಕಿದಾಗ

ರೂಪ ಬದಲಿಸುವುದು ರಾಕ್ಷಸರ ಸೊತ್ತೇನೂ ಅಲ್ಲ. ಯಕ್ಷಗಾನದ ಅಚ್ಚುಮೆಚ್ಚಿನ ಪ್ರಸಂಗಗಳಲ್ಲೊಂದಾದ ಭಸ್ಮಾಸುರ ಮೋಹಿನಿಯಲ್ಲಿ ವೇಷ ಹಾಕುವವನು ವಿಷ್ಣು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಕಂಡವರಿಗೆ ಗೊತ್ತು, ಅಲ್ಲಿ ಹಾಸ್ಯದೊಳಗೆ ಎಂಥ ದುರಂತ ಅಡಗಿದೆಯೆಂದು. ಮೋಹಿನಿಯ ಹೆಜ್ಜೆಗೆ ಹೆಜ್ಜೆ, ಕೈಗೆ ಕೈ ಸೇರಿಸುತ್ತ ಹೋಗುವ ರಾಕ್ಷಸ ತನ್ನ ಕೈಯಲ್ಲಿ ಉರಿಯ ವರವಿದೆ ಎಂಬುದನ್ನೇ ಮರೆಯುತ್ತಾನೆ. ತಾನು ಯಾರೆಂಬುದು ಮರೆತ ಗಳಿಗೆಯೇ ಅವನ ಸಾವಿನ ಗಳಿಗೆ. ಮಾಯಾರೂಪ ಇಲ್ಲಿ ಒಬ್ಬಳದು, ಕಳೆದುಹೋಗುವುದು ಇನ್ನೊಬ್ಬನ ಗುರುತು. ಚಿಟ್ಟಾಣಿಯವರು ಈ ಕಳೆದುಹೋಗುವಿಕೆಯನ್ನು ಮಾತಿಲ್ಲದೆ ಮೈಯಲ್ಲೇ ತೋರಿಸುತ್ತಿದ್ದರು. ಅನುಕರಣೆಯಲ್ಲಿ ಮೊದಲು ಸ್ಪರ್ಧೆ, ಆಮೇಲೆ ಸುಖ, ಕೊನೆಗೆ ಪೂರ್ತಿ ಶರಣಾಗತಿ. ಎರಡು ವೇಷಗಳ ನಡುವಿನ ದಾಟುವಿಕೆಯನ್ನು ಆಟ ಎಂದಾದರೂ ರಂಗದ ಮೇಲೆ ಹಿಡಿದಿದ್ದರೆ ಅದು ಇಲ್ಲಿ. ಶೂರ್ಪನಖಿಯಲ್ಲಿ ತೆರೆಯ ಹಿಂದೆ ಹೋದದ್ದು ಭಸ್ಮಾಸುರನಲ್ಲಿ ಬೆಳಕಿಗೆ ಬಂತು.

ಜಲಂಧರನ ಕಥೆಯಲ್ಲಿ ತಕ್ಕಡಿ ಇನ್ನಷ್ಟು ವಾಲುತ್ತದೆ. ವೃಂದೆಯ ಪಾತಿವ್ರತ್ಯ ಮುರಿಯಲು ವಿಷ್ಣು ಜಲಂಧರನ ರೂಪವನ್ನೇ ತಾಳುತ್ತಾನೆ. ಖಳನ ಮುಖವನ್ನು ದೇವರು ತೊಟ್ಟಾಗ ಮೋಸ ಯಾರದ್ದು? ನಿನ್ನ ಹೆಂಡತಿಯನ್ನೂ ವೇಷಧಾರಿಯೊಬ್ಬ ಕದ್ದೊಯ್ಯಲೆಂದು ವೃಂದೆ ಶಪಿಸಿದಳೆನ್ನುವ ಪಾಠವೂ ಪುರಾಣಗಳಲ್ಲಿದೆ. ಆ ಲೆಕ್ಕದಲ್ಲಿ ಪಂಚವಟಿಯಲ್ಲಿ ನಡೆದದ್ದು ಹಳೆಯ ಸಾಲದ ವಸೂಲಿ. ದೇವರ ರೂಪಾಂತರವನ್ನು ಲೀಲೆಯೆಂದೂ ರಾಕ್ಷಸನದನ್ನು ವಂಚನೆಯೆಂದೂ ಬಗೆಯುವ ರೂಢಿಯನ್ನು ಪುರಾಣ ತಾನೇ ಹೀಗೆ ಪ್ರಶ್ನಿಸಿದೆ. ಮಾರೀಚನ ಅರ್ಥ ಹೇಳುವವರು ಈ ಎಳೆಯನ್ನು ಎತ್ತಿಕೊಂಡದ್ದು ಅಪರೂಪ. ಎತ್ತಿಕೊಂಡಿದ್ದರೆ ರಾವಣನಿಗೆ ಅವನು ಕೊಡುವ ಎಚ್ಚರಿಕೆಗೆ ಭಕ್ತಿಗಿಂತ ಬೇರೆಯಾದ ಮೊನಚು ಬರುತ್ತಿತ್ತು.

ಮಹಿಷಾಸುರನ ಪಾಡು ಇವೆಲ್ಲಕ್ಕಿಂತ ವಿಚಿತ್ರ. ದೇವೀಮಾಹಾತ್ಮ್ಯೆಯಲ್ಲಿ ಅವನು ಕೋಣ, ಸಿಂಹ, ಕತ್ತಿ ಹಿಡಿದ ಮನುಷ್ಯ, ಆನೆ, ಮತ್ತೆ ಕೋಣ ಎಂದು ರೂಪದಿಂದ ರೂಪಕ್ಕೆ ಜಿಗಿಯುತ್ತಾನೆ. ಕೊನೆಗೆ ಕೋಣದ ಬಾಯಿಂದ ಅರ್ಧ ಹೊರಬಂದಾಗ ಸಾಯುತ್ತಾನೆ. ಅವನ ನಿಜವಾದ ಮೈ ಯಾವುದೆಂಬ ಬಗ್ಗೆ ಶಿಲ್ಪಿಗಳಲ್ಲೂ ಒಮ್ಮತವಿಲ್ಲ. ಬಾದಾಮಿಯ ಗುಹೆಯಲ್ಲಿ ಅವನು ಪೂರ್ತಿ ಕೋಣ, ಮಹಾಬಲಿಪುರದಲ್ಲಿ ಕೋಣದ ತಲೆಯ ಮನುಷ್ಯ, ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ಕತ್ತಿ ಮತ್ತು ಹಾವು ಹಿಡಿದ ಮೀಸೆಯ ವೀರ. ಕರಾವಳಿಯ ಹರಕೆ ಆಟಗಳಲ್ಲಿ ಶ್ರೀದೇವಿ ಮಹಾತ್ಮೆಗಿರುವ ಬೇಡಿಕೆ ಎಲ್ಲರಿಗೂ ತಿಳಿದದ್ದೇ. ಕಟೀಲು ಮೇಳಗಳ ಆಟಕ್ಕೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಕೊಂಬು ಹೊತ್ತ ಮಹಿಷಾಸುರ ದೊಂದಿಗಳ ನಡುವೆ ಜನರೊಳಗಿಂದ ನುಗ್ಗಿ ಬರುವ ಪ್ರವೇಶ ನಿಜಕ್ಕೂ ಮೈ ನವಿರೇಳಿಸುವಂಥದ್ದು. ಆ ಪ್ರವೇಶದ ಗದ್ದಲದಲ್ಲಿ ಅವನ ಉಳಿದ ರೂಪಗಳೆಲ್ಲ ಮಾಯವಾಗಿವೆ. ಎರಡು ರೂಪಗಳ ನಡುವೆ ಸತ್ತವನನ್ನು ಆಟ ಒಂದೇ ರೂಪದಲ್ಲಿ ಕಟ್ಟಿಹಾಕಿದೆ. ಕಾಲಮಿತಿಯ ಪ್ರದರ್ಶನಗಳು ಬಂದ ಮೇಲಂತೂ ಮಾತಿಗೆ ಮೊದಲು ಕತ್ತರಿ ಬೀಳುತ್ತದೆ, ಅಬ್ಬರಕ್ಕೆ ಬೀಳುವುದಿಲ್ಲ. ರಾಕ್ಷಸನ ಒಳಗನ್ನು ಕೇಳುವ ವ್ಯವಧಾನ ಇದರಿಂದ ಇನ್ನಷ್ಟು ಕಿರಿದಾಗಿದೆ.

ನಾಗಚಂದ್ರ ಹಿಡಿದ ದಾರಿ

ಇವೆಲ್ಲಕ್ಕೂ ಬಹಳ ಮೊದಲು, ಸುಮಾರು 1100ರ ಹೊತ್ತಿಗೆ, ನಾಗಚಂದ್ರ ತನ್ನ ರಾಮಚಂದ್ರಚರಿತ ಪುರಾಣದಲ್ಲಿ ಬೇರೆ ದಾರಿ ಹಿಡಿದಿದ್ದ. ಪಂಪ ರಾಮಾಯಣವೆಂದು ಹೆಸರಾದ ಈ ಜೈನ ಕಾವ್ಯದಲ್ಲಿ ರಾವಣಾದಿಗಳು ಕೋರೆದಾಡೆಯ ಪ್ರಾಣಿಗಳಲ್ಲ. ವಿದ್ಯೆಗಳನ್ನು ಸಾಧಿಸಿದ ವಿದ್ಯಾಧರರು. ಇಲ್ಲಿ ಚಿನ್ನದ ಜಿಂಕೆಯಿಲ್ಲ. ರಾಮನನ್ನು ಸೀತೆಯಿಂದ ದೂರ ಸೆಳೆಯುವುದು ವಿದ್ಯೆಯ ಬಲದಿಂದ ಎದ್ದ ಸುಳ್ಳು ಸಿಂಹನಾದ. ಮಾರೀಚನ ಕಥೆಯಲ್ಲಿ ಒಬ್ಬನ ಸಾವಿನ ಸಂಕಟವಾಗಿದ್ದ ಕಳ್ಳದನಿ ಇಲ್ಲಿ ಗಂಟಲೇ ಇಲ್ಲದ ದನಿ. ರೂಪ ಬದಲಿಸುವ ಶಕ್ತಿ ಮೈಗೆ ಹುಟ್ಟಿನಿಂದ ಅಂಟಿದ ಗುಣವೆಂಬ ನಂಬಿಕೆ ಹೋಗಿ, ಅದು ಗಳಿಸಬಹುದಾದ, ಬಿಡಲೂಬಹುದಾದ ವಿದ್ಯೆಯಾಯಿತು. ಬಿಡಬಹುದಾದ್ದರಿಂದಲೇ ಬಿಡಲಿಲ್ಲವೇಕೆ ಎಂಬ ಪ್ರಶ್ನೆ ರಾವಣನ ಕೊರಳಿಗೆ ಬಿತ್ತು.

ಯುದ್ಧ ಕೈಮೀರುತ್ತಿದ್ದಾಗ ರಾವಣ ಶಾಂತಿನಾಥನ ಬಸದಿಯಲ್ಲಿ ಕೂತು ಬಹುರೂಪಿಣಿ ವಿದ್ಯೆಯನ್ನು ಸಾಧಿಸುತ್ತಾನೆ. ಅನೇಕನಾಗಬಲ್ಲ ಆ ಬಲವನ್ನು ಹೊತ್ತು ಸೀತೆಯ ಮುಂದೆ ಹೋಗಿ ಇನ್ನು ರಾಮನಿಗೆ ಉಳಿಗಾಲವಿಲ್ಲವೆನ್ನುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಆ ಮೂರ್ಛೆಯನ್ನು ಕಂಡ ರಾವಣನ ಮನಸ್ಸು ತಿರುಗುತ್ತದೆ. ಇಂಥ ಪ್ರೀತಿಯನ್ನು ಅಗಲಿಸಿದ ತಾನು ಎಂಥವನೆಂದು ಅವನಿಗೆ ಮೊದಲ ಬಾರಿ ಹೊಳೆಯುತ್ತದೆ. ಎಷ್ಟು ಬೇಕಾದರೂ ರೂಪ ತಾಳಬಲ್ಲೆನೆಂಬ ಗಳಿಗೆಯಲ್ಲೇ ಅವನಿಗೆ ತನ್ನ ಒಂದು ನಿಜರೂಪ ಕಾಣಿಸಿತು. ಕವಿ ಅಲ್ಲಿಗೆ ನಿಲ್ಲಿಸಿದ್ದರೆ ಇದೂ ಒಂದು ಪರಿವರ್ತನೆಯ ಸವಿಗಥೆಯಾಗುತ್ತಿತ್ತು. ನಾಗಚಂದ್ರನ ರಾವಣ ಸೀತೆಯನ್ನು ಆಗಲೇ ಒಪ್ಪಿಸುವುದಿಲ್ಲ. ಈಗ ಕೊಟ್ಟರೆ ಹೆದರಿ ಕೊಟ್ಟನೆಂದಾರು; ರಾಮಲಕ್ಷ್ಮಣರನ್ನು ಗೆದ್ದು, ಆಮೇಲೆ ಕೊಡುವೆ ಎಂದು ಹೊರಡುತ್ತಾನೆ. ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ. ಗಾಯ, ಭಯಗಳ ಜಾಗದಲ್ಲಿ ಇವನಿಗೆ ಛಲ. ಬಿ.ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತ ನಾಯಕನನ್ನು ಗುರುತಿಸಿದ್ದು ಕನ್ನಡ ವಿಮರ್ಶೆಯ ಮುಖ್ಯ ಘಟ್ಟಗಳಲ್ಲೊಂದು.

ಯಕ್ಷಗಾನದ ರಾಮಾಯಣ ಈ ದಾರಿಯನ್ನು ಹಿಡಿಯಲಿಲ್ಲ. ಅದರ ಬೇರು ವೈಷ್ಣವ ಭಕ್ತಿಯಲ್ಲಿದೆ, ಅದರಲ್ಲಿ ತಪ್ಪೇನಿಲ್ಲ. ನಾಗಚಂದ್ರನಿಂದ ಅದು ಕಲಿಯಬಹುದಾಗಿದ್ದ ಒಂದು ಪಾಠವನ್ನು ಮಾತ್ರ ಹೇಳುತ್ತೇನೆ. ತಾನು ಯಾರೆಂದು ಗೊತ್ತಾಗುವುದಕ್ಕೂ ಅದರಂತೆ ನಡೆಯುವುದಕ್ಕೂ ನಡುವೆ ಕಂದಕವಿದೆ. ಭಕ್ತಿಯ ಓದು ಆ ಕಂದಕವನ್ನು ಮೋಕ್ಷದಿಂದ ಮುಚ್ಚುತ್ತದೆ, ನಾಗಚಂದ್ರ ತೆರೆದಿಡುತ್ತಾನೆ. ಹೊಸಗನ್ನಡದಲ್ಲಿ ಇದನ್ನು ಮತ್ತೆ ತೆರೆದವರು ಗಿರೀಶ ಕಾರ್ನಾಡರು. ನಾಗಮಂಡಲದಲ್ಲಿ ನಾಗ ರಾಣಿಯ ಗಂಡನ ರೂಪದಲ್ಲಿ ರಾತ್ರಿ ಬರುತ್ತಾನೆ, ಹಗಲಿಗೆ ತನ್ನ ಹುತ್ತಕ್ಕೆ ಮರಳುತ್ತಾನೆ. ಪರರೂಪದಲ್ಲಿ ಮೋಸವಾಗಿ ಶುರುವಾದದ್ದು ಅವನ ಸ್ವಂತ ಪ್ರೀತಿಯಾಗಿ ಬೆಳೆಯುತ್ತದೆ. ಆ ಪ್ರೀತಿ ಹಾವಿನದೋ ಗಂಡನ ರೂಪದ್ದೋ ಎಂದು ಬಿಡಿಸಿ ಹೇಳಲಾಗದು. ನಾಟಕ ಒಂದಕ್ಕಿಂತ ಹೆಚ್ಚು ಮುಕ್ತಾಯಗಳನ್ನು ಮುಂದಿಡುವುದು ಸುಮ್ಮನೆ ಚಮತ್ಕಾರಕ್ಕಲ್ಲ. ಇಂಥವನ ಕಥೆಗೆ ಒಂದೇ ಮುಕ್ತಾಯ ಸುಳ್ಳಾದೀತು ಎಂಬ ಎಚ್ಚರ ಅದರಲ್ಲಿದೆ.

ಪರಂಪರೆಗೊಂದು ಬೇಡಿಕೆ

ಹಾಗಾದರೆ ಈ ಪರಂಪರೆಯ ಬೆಲೆಯೇನು? ಬಣ್ಣದ ವೇಷ ರಾಕ್ಷಸನಿಗೆ ಘನತೆ ಕೊಟ್ಟಿತು. ದಾಟುವಿಕೆಯನ್ನು ತೆರೆಯ ಹಿಂದಿಟ್ಟು ಅವನನ್ನು ಇಬ್ಬರನ್ನಾಗಿ ಸೀಳಿತು. ತಾಳಮದ್ದಳೆ ಅವನಿಗೆ ನಾಲಿಗೆ ಕೊಟ್ಟಿತು, ಜೊತೆಗೆ ಆ ನಾಲಿಗೆಗೆ ಒಂದೇ ಉತ್ತರವನ್ನು ರೂಢಿಮಾಡಿಸಿತು. ಮೊದಲನೆಯ ಕೊರತೆ ಕಲೆಯ ಕಟ್ಟಿನಿಂದಲೇ ಬಂದದ್ದು. ಬಣ್ಣದ ವೇಷವನ್ನು ಉಳಿಸಿಕೊಳ್ಳಬೇಕೆಂದರೆ ಅದನ್ನು ಸಹಿಸಬೇಕು. ಎರಡನೆಯ ಕೊರತೆಗೆ ಅಂಥ ನೆಪವಿಲ್ಲ. ಅರ್ಥಗಾರಿಕೆ ಆಶುಮಾತಿನ ಕಲೆ. ಪದ್ಯವೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಬೇಲಿಯಿಲ್ಲ. ರಾವಣನ ಬಾಯಲ್ಲಿ ರಾಮನನ್ನೇ ತಬ್ಬಿಬ್ಬುಗೊಳಿಸುವ ವಾದ ಕಟ್ಟಬಲ್ಲ ಅರ್ಥಧಾರಿ ಮಾರೀಚನಿಗೆ ಮಾತ್ರ ಸಿದ್ಧ ಭಕ್ತಿಯೇ ಸಾಕೆಂದುಕೊಂಡದ್ದು ಸೋಮಾರಿತನ.

ಭಕ್ತಿಯನ್ನು ಬಿಡಿ ಎಂದು ಯಾರೂ ಕೇಳಬೇಕಿಲ್ಲ. ಭಯದಿಂದ ಭಕ್ತಿಗೆ ಹೋಗುವ ದಾರಿ ನಿಜವಾಗಿಯೂ ಇರಬಹುದು. ಇದ್ದರೆ ಅದನ್ನು ನಡೆದು ತೋರಿಸಬೇಕು. ಅಗಸ್ತ್ಯನ ಶಾಪಕ್ಕೆ ಮೊದಲು ತಾನು ಯಕ್ಷನಾಗಿದ್ದೆ ಎಂಬುದನ್ನು ಮಾರೀಚ ನೆನೆಯಲಿ. ಅಪ್ಪನನ್ನು ಕಳೆದುಕೊಂಡ ಹುಡುಗನಿಗೆ ರಾಕ್ಷಸತನ ಶಿಕ್ಷೆಯಾಗಿ ಬಂದದ್ದು ನ್ಯಾಯವೇ ಎಂದು ಕೇಳಲಿ. ವೃಂದೆಯ ಶಾಪವನ್ನು ರಾವಣನಿಗೆ ನೆನಪಿಸಲಿ. ಬಳಿಕ ಬಾಣ ತಗುಲಿದ ಮೇಲಿನ ಆ ಕೂಗಿಗೂ ಅರ್ಥ ಹೇಳಲಿ. ಅಲ್ಲಿ ಮೂರು ಒತ್ತಡಗಳು ಒಟ್ಟಿಗೆ ಕೂಡಿವೆ: ಒಡೆಯನಿಗೆ ಕೊಟ್ಟ ಮಾತು, ಎದುರಿಗಿರುವವನ ಭಯ, ಕೊನೆಯ ಗಳಿಗೆಯಲ್ಲೂ ಸ್ವಂತ ದನಿ ಸಿಗದ ಸಂಕಟ. ಒಬ್ಬ ಸಮರ್ಥ ಅರ್ಥಧಾರಿಗೆ ಇದಕ್ಕಿಂತ ದೊಡ್ಡ ಕ್ಷಣವನ್ನು ರಾಮಾಯಣ ಇನ್ನೆಲ್ಲಿ ಕೊಟ್ಟಿದೆ? ಆ ಕ್ಷಣವನ್ನು ಪದ್ಯದ ಹಿಂದೆ ಜಾರಿಸಿಬಿಡುವ ಮಾರೀಚ ಎಷ್ಟೇ ಚೆನ್ನಾಗಿ ಮಾತಾಡಿದರೂ ಅರ್ಧ ಮಾರೀಚ. ಇನ್ನು ಮುಂದೆ ಪಂಚವಟಿಯ ಕೂಟಗಳನ್ನು ಅಳೆಯುವವರು ಸಂವಾದದ ಗೆಲುವನ್ನು ಬದಿಗಿಟ್ಟು ಈ ಒಂದು ಕಡೆ ಕಿವಿಗೊಟ್ಟರೆ ಸಾಕು, ಯಾವ ಅರ್ಥಧಾರಿ ಪಾತ್ರವನ್ನು ಹುಡುಕಿದ, ಯಾರು ಸಿದ್ಧ ಉತ್ತರವನ್ನು ಒಪ್ಪಿಸಿದ ಎಂಬುದು ತಾನೇ ತಿಳಿಯುತ್ತದೆ.